34 ಎಚ್‌ಪಿಯ ಲೆಕ್ಕ: ನಾನು ಡ್ರಾಗೊನೈಟ್ ಸ್ವೀಪರ್ ಕಟ್ಟಿದ ಬಗೆ

ಪೋಕೆಮಾನ್ ವಿಡಿಯೋ ಗೇಮ್‌ನ ಒಂದು ಪಂದ್ಯ. ಎದುರಿನವರ ಐರನ್ ವ್ಯಾಲಿಯಂಟ್‌ನ ಎಚ್‌ಪಿ ಗೆರೆ, ಅಂದರೆ ಉಳಿದ ಜೀವಬಲ ತೋರಿಸುವ ಗೆರೆ, ಸರ್ರನೆ ಇಳಿಯಿತು. ಹಳದಿ ಆಯಿತು, ಕೆಂಪಾಯಿತು, ಅಲ್ಲಿಗೆ ನಿಂತುಬಿಟ್ಟಿತು. ನನ್ನ ಡ್ರಾಗೊನೈಟ್ ಒಮ್ಮೆ ಡ್ರಾಗನ್ ಡ್ಯಾನ್ಸ್ ಮಾಡಿಕೊಂಡಿತ್ತು, ನಾರ್ಮಲ್ ಟೈಪ್‌ಗೆ ಟೆರಾ ಆಗಿತ್ತು (ಪಂದ್ಯದ ನಡುವೆ ಟೈಪ್ ಬದಲಿಸಿಕೊಳ್ಳುವುದೇ ಟೆರಾ), ಎಕ್ಸ್‌ಟ್ರೀಮ್ ಸ್ಪೀಡ್ ಹೊಡೆದಿತ್ತು. ಸಾಲಲಿಲ್ಲ. ಎದುರಿನಿಂದ ಕ್ಲೋಸ್ ಕಾಂಬ್ಯಾಟ್ ಬಂತು. ನಾರ್ಮಲ್ ಟೈಪ್‌ಗೆ ಫೈಟಿಂಗ್ ಏಟು ಎರಡು ಪಟ್ಟು ತಾಗುತ್ತದೆ. ಪಂದ್ಯ ಮುಗಿಯಿತು.

ಸೋತ ಪಂದ್ಯಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆ ರಾತ್ರಿ ಅದರಲ್ಲಿ ಬರೆದದ್ದು ಒಂದೇ ಸಾಲು: 'ವ್ಯಾಲಿಯಂಟ್ ಎಷ್ಟರಲ್ಲಿ ಉಳಿಯಿತು? ಲೆಕ್ಕ ಹಾಕು.' ಆ ಲೆಕ್ಕ ಹಾಕಿದ ಮೇಲೆಯೇ ನನ್ನ ಡ್ರಾಗೊನೈಟ್ ನಿಜವಾದ ಸ್ವೀಪರ್ ಆದದ್ದು. ಅಲ್ಲಿಯವರೆಗೆ ನಾನು ಅದೊಂದನ್ನೇ ತಿದ್ದುತ್ತಾ ಕೂತಿದ್ದೆ.

ಮೊದಲಿಂದ ಹೇಳುತ್ತೇನೆ.

ನಾನು ಆಡುವುದು ಪೋಕೆಮಾನ್ ಸ್ಕಾರ್ಲೆಟ್‌ನಲ್ಲಿ. ಸ್ಕಾರ್ಲೆಟ್ ಮತ್ತು ವೈಲೆಟ್ ಎರಡೂ 2022ರ ನವೆಂಬರ್‌ನಲ್ಲಿ ಬಂದವು. ಅದರ ರ‍್ಯಾಂಕ್ಡ್ ಸಿಂಗಲ್ಸ್‌ನಲ್ಲಿ ಆರು ಪೋಕೆಮಾನ್‌ಗಳ ಟೀಮ್ ತೋರಿಸಬೇಕು, ಎದುರಿನವರ ಆರನ್ನು ನೋಡಬೇಕು, ಆಮೇಲೆ ಮೂರನ್ನು ಮಾತ್ರ ಆರಿಸಿಕೊಂಡು ಇಳಿಯಬೇಕು. ಎಲ್ಲವೂ ಲೆವೆಲ್ 50ರಲ್ಲಿ ಆಡುತ್ತವೆ. ಹಾಗಾಗಿ ಯಾರು ಎಷ್ಟು ದಿನ ಬೆಳೆಸಿದರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹೇಗೆ ಬೆಳೆಸಿದರು ಅನ್ನುವುದೇ ಲೆಕ್ಕ.

ಸ್ವೀಪರ್ ಅಂದರೆ ಹೆಸರೇ ಹೇಳುವಂತೆ ಗುಡಿಸಿ ಹಾಕುವವನು. ಒಂದು ಟರ್ನ್ ಖರ್ಚು ಮಾಡಿ ತನ್ನ ಬಲ ಏರಿಸಿಕೊಳ್ಳುತ್ತಾನೆ. ಆಮೇಲೆ ಎದುರು ಬಂದವರನ್ನೆಲ್ಲ ಒಂದೊಂದೇ ಏಟಿಗೆ ಕೆಡವುತ್ತಾ ಹೋಗುತ್ತಾನೆ. ಹೇಳುವುದು ಸುಲಭ. ಆ ಒಂದು ಟರ್ನ್ ಎಲ್ಲಿಂದ ತರುವುದು ಅನ್ನುವುದರಲ್ಲೇ ಎಲ್ಲ ಕಷ್ಟವೂ ಇದೆ.

ಡ್ರಾಗೊನೈಟ್ ಆರಿಸಿದ್ದಕ್ಕೆ ಅದರ ಮೇಲಿನ ಪ್ರೀತಿಯೂ ಒಂದು ಕಾರಣ. ಆದರೆ ಬರೀ ಪ್ರೀತಿ ಅಲ್ಲ. ಅದರ ಬೇಸ್ ಅಟ್ಯಾಕ್, ಅಂದರೆ ಆ ಜಾತಿಗೇ ಇರುವ ಮೂಲ ಅಂಕ, 134. ಎಚ್‌ಪಿ 91, ಡಿಫೆನ್ಸ್ 95, ಸ್ಪೆಷಲ್ ಡಿಫೆನ್ಸ್ 100. ಅಂದರೆ ಒಂದು ಏಟು ತಿಂದು ನಿಲ್ಲುವ ಮೈ. ಡ್ರಾಗನ್ ಡ್ಯಾನ್ಸ್ ಕಲಿಯುತ್ತದೆ. ಒಂದೇ ಟರ್ನ್‌ನಲ್ಲಿ ಅಟ್ಯಾಕ್ ಮತ್ತು ಸ್ಪೀಡ್ ಎರಡೂ ಒಂದೂವರೆ ಪಟ್ಟು ಆಗುತ್ತವೆ. ಹಿಡನ್ ಎಬಿಲಿಟಿ (ಅಪರೂಪಕ್ಕೆ ಸಿಗುವ ವಿಶೇಷ ಗುಣ) ಮಲ್ಟಿಸ್ಕೇಲ್: ಎಚ್‌ಪಿ ಪೂರ್ತಿ ತುಂಬಿದ್ದರೆ ಬೀಳುವ ಏಟು ಅರ್ಧಕ್ಕೆ ಇಳಿಯುತ್ತದೆ. ಸೆಟಪ್‌ಗೆ ಬೇಕಾದ ಟರ್ನ್ ಅನ್ನು ತಾನೇ ಮೈಯಲ್ಲಿ ಹೊತ್ತುಕೊಂಡು ಬರುವ ಪೋಕೆಮಾನ್ ಇದು. ಒಂದೇ ಕೊರತೆ, ಬೇಸ್ ಸ್ಪೀಡ್ 80.

ಮೊದಲ ಸಲ ನಾನು ಕಟ್ಟಿದ್ದು ಎಲ್ಲರೂ ಮೊದಲು ಕಟ್ಟುವಂಥದ್ದನ್ನೇ. ನೇಚರ್ (ಪೋಕೆಮಾನ್‌ನ ಸ್ವಭಾವ) ಅಡಮೆಂಟ್, ಅಟ್ಯಾಕ್ 10 ಶೇಕಡಾ ಜಾಸ್ತಿ. ಇವಿ, ಅಂದರೆ ತರಬೇತಿಯಿಂದ ಸೇರುವ ಅಂಕ, ಅಟ್ಯಾಕ್‌ಗೆ 252, ಸ್ಪೀಡ್‌ಗೆ 252, ಮಿಕ್ಕ 4 ಎಚ್‌ಪಿಗೆ. ಕೈಯಲ್ಲಿ ಏಟಿನ ಬಲ ಏರಿಸುವ ಲೈಫ್ ಆರ್ಬ್. ಮೂವ್‌ಗಳು ಡ್ರಾಗನ್ ಡ್ಯಾನ್ಸ್, ಔಟ್‌ರೇಜ್, ಅರ್ತ್‌ಕ್ವೇಕ್, ಎಕ್ಸ್‌ಟ್ರೀಮ್ ಸ್ಪೀಡ್. ಪ್ರೋಟೀನ್ ಮತ್ತು ಕಾರ್ಬೋಸ್ ತಿನ್ನಿಸಿದರೆ ಇವಿ ಕೆಲಸ ಕೆಲವೇ ನಿಮಿಷ. ಒಂದೊಂದಕ್ಕೂ 10 ಇವಿ. ಎಬಿಲಿಟಿ ಪ್ಯಾಚ್ ಕೊಟ್ಟು ಮಲ್ಟಿಸ್ಕೇಲ್ ಮಾಡಿಕೊಂಡೆ. ಬಾಟಲ್ ಕ್ಯಾಪ್ ಕೊಟ್ಟು ಐವಿ (ಹುಟ್ಟಿನಿಂದ ಬಂದ ಅಂಕ) ಸರಿ ಮಾಡಿಸಿದೆ. ಲೆವೆಲ್ 50ರಲ್ಲಿ ಅಟ್ಯಾಕ್ 204 ಅಂತ ತೋರಿಸಿದಾಗ ಆದ ಖುಷಿ ಇನ್ನೂ ನೆನಪಿದೆ.

ಆ ಡ್ರಾಗೊನೈಟ್ ಒಂದು ವಾರ ಸೋಲುತ್ತಲೇ ಇತ್ತು.

ನೋಟ್‌ಬುಕ್ ತೆರೆದು ನೋಡಿದರೆ ಸೋಲುಗಳು ಬೇರೆಬೇರೆ ಅಲ್ಲ, ಎರಡೇ ಬಗೆ. ಒಂದು, ಎದುರಿನವರು ಸ್ಟೆಲ್ತ್ ರಾಕ್, ಅಂದರೆ ಒಳಗೆ ಬಂದವರನ್ನು ಚುಚ್ಚುವ ಕಲ್ಲು, ಹಾಕಿರುತ್ತಾರೆ. ಡ್ರಾಗೊನೈಟ್ ಫ್ಲೈಯಿಂಗ್ ಟೈಪ್ ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಎಚ್‌ಪಿಯ ಕಾಲು ಭಾಗ ಹೋಗುತ್ತದೆ. ಹೋದದ್ದು ಕಾಲು ಭಾಗ ಮಾತ್ರ ಅಲ್ಲ, ಎಚ್‌ಪಿ ಪೂರ್ತಿ ಇಲ್ಲದ್ದರಿಂದ ಮಲ್ಟಿಸ್ಕೇಲ್ ಕೂಡ ಹೋಯಿತು. ಆಮೇಲೆ ಡ್ಯಾನ್ಸ್ ಮಾಡಲು ಹೊರಟರೆ ಒಂದು ಐಸ್ ಏಟು ಸಾಕು. ಡ್ರಾಗನ್‌ಗೂ ಐಸ್ ಎರಡು ಪಟ್ಟು, ಫ್ಲೈಯಿಂಗ್‌ಗೂ ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು. ಎರಡನೆಯದು ಔಟ್‌ರೇಜ್. ಬಲ 120 ನಿಜ, ಆದರೆ ಎರಡು ಮೂರು ಟರ್ನ್ ಅದೇ ಮೂವ್‌ಗೆ ಕಟ್ಟಿಹಾಕುತ್ತದೆ. ಎದುರಿನವರು ಒಂದು ಫೇರಿ ಟೈಪ್ ಕಳಿಸಿದರೆ ಡ್ರಾಗನ್ ಏಟು ತಾಗುವುದೇ ಇಲ್ಲ. ನಾನು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗುವುದಿಲ್ಲ. ಕೊನೆಗೆ ಡ್ರಾಗೊನೈಟ್‌ಗೇ ಕನ್‌ಫ್ಯೂಶನ್.

ಮೊದಲು ಲೈಫ್ ಆರ್ಬ್ ತೆಗೆದು ಹೆವಿ ಡ್ಯೂಟಿ ಬೂಟ್ಸ್ ಕೊಟ್ಟೆ. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಿಂದ ಬಂದ ಐಟಂ ಇದು. ಹಾಕಿಕೊಂಡರೆ ನೆಲದ ಮೇಲೆ ಏನೇ ಹರಡಿರಲಿ, ಒಳಗೆ ಬರುವಾಗ ಚುಚ್ಚುವುದಿಲ್ಲ. ನನ್ನ ಜೊತೆ ಅಭ್ಯಾಸ ಆಡುವ ಗೆಳೆಯನಿಗೆ ಇದು ಹಿಡಿಸಲಿಲ್ಲ.

'ಲೈಫ್ ಆರ್ಬ್ ತೆಗೆದ್ರೆ ಏಟಿಗೆ ಬಲ ಎಲ್ಲಿರುತ್ತೆ? 30 ಪರ್ಸೆಂಟ್ ಸುಮ್ನೆ ಬಿಟ್ಟುಕೊಡ್ತಾ ಇದೀಯ ಕಣೋ.'

'ಡ್ಯಾನ್ಸ್ ಮಾಡೋಕೇ ಆಗ್ತಿಲ್ಲ ಅಂದ್ಮೇಲೆ ಆ 30 ಇಟ್ಕೊಂಡು ಏನು ಮಾಡ್ಲಿ? ಒಂದು ಡ್ಯಾನ್ಸ್ ಆದ್ರೆ 50 ಬರುತ್ತೆ.'

ಇದನ್ನು ಹೇಳಿದ ಮೇಲೆ ನನಗೇ ವಿಷಯ ಸ್ಪಷ್ಟವಾಯಿತು. ಲೈಫ್ ಆರ್ಬ್ ಇನ್ನೊಂದು ಕೆಲಸವನ್ನೂ ಕೆಡಿಸುತ್ತಿತ್ತು. ಪ್ರತಿ ಏಟಿಗೂ ನಮ್ಮದೇ ಎಚ್‌ಪಿಯ ಹತ್ತನೇ ಒಂದು ಭಾಗ ತಿನ್ನುತ್ತದೆ. ಅಂದರೆ ನಾವು ಹೊಡೆದ ಮರುಕ್ಷಣವೇ ಮಲ್ಟಿಸ್ಕೇಲ್ ಒಡೆಯುತ್ತದೆ. ಅದನ್ನೇ ನೆಚ್ಚಿಕೊಂಡ ಪೋಕೆಮಾನ್‌ಗೆ ಅದನ್ನೇ ಒಡೆಯುವ ಐಟಂ ಕೊಟ್ಟಿದ್ದೆ.

ಮಲ್ಟಿಸ್ಕೇಲ್ ಎಷ್ಟು ದೊಡ್ಡದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಸ್ಪೆಷಲ್ ಅಟ್ಯಾಕ್‌ಗೆ 252 ಇವಿ ಹಾಕಿದ ಟಿಮಿಡ್ ನೇಚರ್‌ನ ಫ್ಲಟರ್ ಮೇನ್‌ನ ಮೂನ್‌ಬ್ಲಾಸ್ಟ್ ನನ್ನ ಡ್ರಾಗೊನೈಟ್‌ಗೆ ಹೆಚ್ಚೆಂದರೆ 200 ತಾಗುತ್ತದೆ. ನನ್ನ ಎಚ್‌ಪಿ 167. ಮಲ್ಟಿಸ್ಕೇಲ್ ಇದ್ದರೆ ಅದೇ ಏಟು ಹೆಚ್ಚೆಂದರೆ 100. ಒಂದು ಸಾವು, ಇನ್ನೊಂದು ಒಂದು ಡ್ಯಾನ್ಸ್.

ಬೂಟ್ಸ್ ಬಂದ ಮೇಲೆ ಡ್ಯಾನ್ಸ್ ಆಗತೊಡಗಿತು. ಆಗ ಮುಂದಿನ ತೊಡಕು ಕಾಣಿಸಿತು. ಡ್ಯಾನ್ಸ್ ಆದ ಮೇಲೂ ಕೆಲವರು ನನಗಿಂತ ಮೊದಲು ಹೊಡೆಯುತ್ತಿದ್ದರು.

ಇಲ್ಲಿ ನಾನು ಬಹಳ ಹೊತ್ತು ಕೂತೆ. ಸ್ಪೀಡ್ ಅನ್ನುವುದು ಅಟ್ಯಾಕ್ ಥರ ಅಲ್ಲ. ಅಟ್ಯಾಕ್ ಸ್ವಲ್ಪ ಜಾಸ್ತಿಯಾದರೆ ಸ್ವಲ್ಪ ಪ್ರಯೋಜನ ಇದ್ದೇ ಇರುತ್ತದೆ. ಸ್ಪೀಡ್‌ನಲ್ಲಿ ಹಾಗಿಲ್ಲ. ಎದುರಿನವರಿಗಿಂತ ಒಂದು ಅಂಕ ಹೆಚ್ಚಿದ್ದರೆ ಎಲ್ಲವೂ ನಮ್ಮದು, ಒಂದು ಕಡಿಮೆಯಾದರೆ ಏನೂ ಇಲ್ಲ. ನಡುವೆ ಇರುವ ಅಂಕಗಳಿಗೆ ಬೆಲೆಯೇ ಇಲ್ಲ. ಹಾಗಾಗಿ ಹಾಳೆಯ ಮೇಲೆ ಒಂದು ಏಣಿ ಬರೆದೆ. ಪೂರ್ತಿ ಸ್ಪೀಡ್ ಹಾಕಿದರೆ ಲೆವೆಲ್ 50ರಲ್ಲಿ ಗಾರ್‌ಚಾಂಪ್ 169. ಐರನ್ ವ್ಯಾಲಿಯಂಟ್ 184. ಮಿಯೌಸ್ಕರಾಡಾ 192. ಫ್ಲಟರ್ ಮೇನ್ ಮತ್ತು ಚಿಯೆನ್ ಪಾವೊ 205. ಐರನ್ ಬಂಡಲ್ 206. ಡ್ರಾಗಾಪಲ್ಟ್ 213.

ನನ್ನ ಅಡಮೆಂಟ್ ಡ್ರಾಗೊನೈಟ್‌ನ ಸ್ಪೀಡ್ 132. ಒಂದು ಡ್ಯಾನ್ಸ್ ಆದರೆ 198. ಏಣಿಯಲ್ಲಿ ಮಿಯೌಸ್ಕರಾಡಾದ ಮೇಲೆ, ಫ್ಲಟರ್ ಮೇನ್‌ನ ಕೆಳಗೆ. ಅಟ್ಯಾಕ್ ಬದಲು ಸ್ಪೀಡ್ ಏರಿಸುವ ಜಾಲಿ ನೇಚರ್ ಆದರೆ 145, ಡ್ಯಾನ್ಸ್ ಆದ ಮೇಲೆ 217. ಡ್ರಾಗಾಪಲ್ಟ್ ಕೂಡ ಕೆಳಗೆ ಉಳಿಯಿತು.

ಹಾಗಾದರೆ ಜಾಲಿಯೇ ಸರಿ ಅಂತ ತಕ್ಷಣ ಅನ್ನಿಸಲಿಲ್ಲ. ಎಕ್ಸ್‌ಟ್ರೀಮ್ ಸ್ಪೀಡ್ ಇದೆಯಲ್ಲ. ಅದು ಪ್ರಯಾರಿಟಿ +2 ಇರುವ ಮೂವ್, ಎದುರಿನವರ ಸ್ಪೀಡ್ ಎಷ್ಟಿದ್ದರೂ ಮೊದಲು ಹೋಗುತ್ತದೆ. ಅದು ಕೈಯಲ್ಲಿರುವಾಗ ಅಟ್ಯಾಕ್ ಬಿಟ್ಟು ಸ್ಪೀಡ್ ಯಾಕೆ ಅಂತ ಎರಡು ದಿನ ಅಡಮೆಂಟ್ ಪರವಾಗಿಯೇ ಇದ್ದೆ. ಆಮೇಲೆ ಏಣಿಯನ್ನೇ ಮತ್ತೆ ನೋಡಿದೆ. 198 ಮತ್ತು 217ರ ನಡುವೆ ನಿಂತ ನಾಲ್ವರಲ್ಲಿ ಇಬ್ಬರು ಗೋಸ್ಟ್ ಟೈಪ್. ಫ್ಲಟರ್ ಮೇನ್, ಡ್ರಾಗಾಪಲ್ಟ್. ಎಕ್ಸ್‌ಟ್ರೀಮ್ ಸ್ಪೀಡ್ ನಾರ್ಮಲ್ ಮೂವ್, ಗೋಸ್ಟ್‌ಗೆ ತಾಗುವುದೇ ಇಲ್ಲ. ನನ್ನ ಪ್ರಯಾರಿಟಿ ಯಾರ ಮೇಲೆ ಕೆಲಸ ಮಾಡುವುದಿಲ್ಲವೋ ಅವರನ್ನು ನಿಜವಾದ ಓಟದಲ್ಲೇ ಹಿಂದೆ ಹಾಕಬೇಕು. ಬೇರೆ ದಾರಿ ಇಲ್ಲ. ಅಲ್ಲಿಗೆ ತೀರ್ಮಾನ ಆಯಿತು. ಡ್ಯಾನ್ಸ್ ಆದ ಜಾಲಿ ಡ್ರಾಗೊನೈಟ್ ಅರ್ತ್‌ಕ್ವೇಕ್ ಹೊಡೆದರೆ ಡಿಫೆನ್ಸ್‌ಗೆ ಏನೂ ಹಾಕದ ಫ್ಲಟರ್ ಮೇನ್‌ಗೆ ಕಡಿಮೆಯೆಂದರೂ 140 ತಾಗುತ್ತದೆ. ಅದರ ಎಚ್‌ಪಿ 130ರ ಆಸುಪಾಸು. ಮೊದಲು ಹೊಡೆದವರದ್ದೇ ಪಂದ್ಯ.

ನೇಚರ್‌ನ ಪರಿಣಾಮ ಬದಲಿಸುವ ಜಾಲಿ ಮಿಂಟ್ ಕೊಟ್ಟೆ. ಅಟ್ಯಾಕ್ 204ರಿಂದ 186ಕ್ಕೆ ಇಳಿಯಿತು. ನೋಡಲು ಬೇಸರವೇ ಆಯಿತು.

ಇನ್ನೊಂದು ಸಣ್ಣ ಕೆಲಸ. 217 ನನಗೆ ಬೇಕಿಲ್ಲ, 213ಕ್ಕಿಂತ ಒಂದು ಜಾಸ್ತಿ ಸಾಕು. ಡ್ಯಾನ್ಸ್‌ಗೆ ಮುಂಚೆ 143 ಇದ್ದರೆ ಆಮೇಲೆ 214 ಆಗುತ್ತದೆ. 143ಕ್ಕೆ 236 ಇವಿ ಸಾಕು, 252 ಬೇಡ. ಉಳಿದ 16 ಎಚ್‌ಪಿಗೆ ಹಾಕಿದರೆ 167 ಇದ್ದದ್ದು 169 ಆಗುತ್ತದೆ. ತಮಾಟೊ ಬೆರ್ರಿ ಎರಡು ತಿನ್ನಿಸಿ ಸ್ಪೀಡ್ ಇವಿಯಲ್ಲಿ 20 ಇಳಿಸಿದೆ. ಒಂದೊಂದಕ್ಕೆ ಒಂದೇ ಇವಿ ಕೊಡುವ ಸ್ವಿಫ್ಟ್ ಫೆದರ್ ನಾಲ್ಕು ಕೊಟ್ಟೆ, 236 ಆಯಿತು. ಎಚ್‌ಪಿಗೆ ಎಚ್‌ಪಿ ಅಪ್ ಒಂದು, ಹೆಲ್ತ್ ಫೆದರ್ ಆರು. ಎರಡು ಎಚ್‌ಪಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಆ ಮೂನ್‌ಬ್ಲಾಸ್ಟ್ ಮಲ್ಟಿಸ್ಕೇಲ್ ಇಲ್ಲದಾಗ ಕಡಿಮೆಯೆಂದರೆ 168 ತಾಗುತ್ತದೆ. 167 ಇದ್ದರೆ ಖಂಡಿತ ಸಾವು. 169 ಇದ್ದರೆ 16ರಲ್ಲಿ ಒಂದು ಸಲ ಬದುಕುತ್ತದೆ. ಖರ್ಚಿಲ್ಲದೆ ಸಿಗುವ ಅವಕಾಶವನ್ನು ನಾನು ಬಿಡುವುದಿಲ್ಲ. ಆದರೆ ಇದಕ್ಕೂ ಒಂದು ಬೆಲೆ ಇತ್ತು, ಅದು ಆಮೇಲೆ ಗೊತ್ತಾಯಿತು.

ಔಟ್‌ರೇಜ್ ತೆಗೆದದ್ದು, ನಾರ್ಮಲ್ ಟೆರಾ ತಂದದ್ದು ಒಟ್ಟಿಗೇ ಆಯಿತು. ಎಕ್ಸ್‌ಟ್ರೀಮ್ ಸ್ಪೀಡ್‌ನ ಬಲ 80 ಮಾತ್ರ. ನಾರ್ಮಲ್‌ಗೆ ಟೆರಾ ಆದರೆ ಅದು ತನ್ನದೇ ಟೈಪ್‌ನ ಮೂವ್ ಆಗಿ ಒಂದೂವರೆ ಪಟ್ಟು ಹೊಡೆಯುತ್ತದೆ, 120ಕ್ಕೆ ಸಮ. ಔಟ್‌ರೇಜ್‌ನಂತೆ ಕಟ್ಟಿಹಾಕುವುದಿಲ್ಲ, ಮೊದಲೇ ಹೋಗುತ್ತದೆ. ಜೊತೆಗೆ ಐಸ್, ಫೇರಿ, ರಾಕ್, ಡ್ರಾಗನ್ ಎಲ್ಲ ದೌರ್ಬಲ್ಯಗಳೂ ಒಂದೇ ಏಟಿಗೆ ಮಾಯ. ಫೈಟಿಂಗ್ ಒಂದು ಉಳಿಯುತ್ತದೆ. ಟೆರಾ ಟೈಪ್ ಬದಲಿಸಲು ಬೇಕಾದ 50 ಟೆರಾ ಶಾರ್ಡ್ ಕೂಡಿಸಲು ನಾಲ್ಕೈದು ಸಂಜೆ ಹೋದವು, ಅಷ್ಟೇ.

ನಾಲ್ಕನೇ ಮೂವ್ ಮಾತ್ರ ನನ್ನನ್ನು ತುಂಬ ಕಾಡಿತು. ಡ್ರಾಗನ್ ಡ್ಯಾನ್ಸ್, ಎಕ್ಸ್‌ಟ್ರೀಮ್ ಸ್ಪೀಡ್, ಅರ್ತ್‌ಕ್ವೇಕ್ ಬಿಡುವ ಹಾಗಿಲ್ಲ. ಉಳಿದದ್ದು ಒಂದು ಜಾಗ. ಮೊದಲು ಫೈರ್ ಪಂಚ್ ಇಟ್ಟೆ. ಕಾರಣ ಗೋಲ್ಡೆಂಗೊ. ಸ್ಟೀಲ್ ಮತ್ತು ಗೋಸ್ಟ್, ಎಕ್ಸ್‌ಟ್ರೀಮ್ ಸ್ಪೀಡ್ ತಾಗುವುದಿಲ್ಲ. ಅರ್ತ್‌ಕ್ವೇಕ್ ಎರಡು ಪಟ್ಟು ತಾಗುತ್ತದೆ, ಆದರೆ ಅದು ಏರ್ ಬಲೂನ್ ಹಿಡಿದು ಬಂದರೆ ಗ್ರೌಂಡ್ ಮೂವ್ ಕೂಡ ತಾಗುವುದಿಲ್ಲ. ಎರಡೂ ಕೈ ಕಟ್ಟಿದ ಹಾಗೆ. ಫೈರ್ ಪಂಚ್ ಇದ್ದರೆ ಬಲೂನ್ ಒಡೆಯುತ್ತದೆ, ಎರಡು ಪಟ್ಟು ಏಟೂ ಬೀಳುತ್ತದೆ. ಕಾಗದದ ಮೇಲೆ ಇದು ಸರಿಯಾದ ಉತ್ತರ. ಆದರೆ ಲೆಕ್ಕ ಹಾಕಿದರೆ ಒಂದು ಡ್ಯಾನ್ಸ್ ಆದ ಮೇಲೂ ಫೈರ್ ಪಂಚ್ ಒಂದಕ್ಕೆ ಗೋಲ್ಡೆಂಗೊ ಬೀಳುವುದು ಅಪರೂಪ. ಕಾರ್ವಿನೈಟ್‌ನಂಥ ಗಟ್ಟಿ ಸ್ಟೀಲ್ ಹಕ್ಕಿಯಂತೂ ಪೂರ್ತಿ ಡಿಫೆನ್ಸ್ ಹಾಕಿಕೊಂಡಿದ್ದರೆ ಅರ್ಧದಷ್ಟೇ ಇಳಿಯುತ್ತದೆ. ನಾನು ಒಂದು ಜಾಗ ಕೊಟ್ಟು ಅರ್ಧ ಉತ್ತರ ಕೊಳ್ಳುತ್ತಿದ್ದೆ.

ಅದೇ ಜಾಗಕ್ಕೆ ರೂಸ್ಟ್ ಹಾಕಿ ನೋಡಿದೆ. ಅರ್ಧ ಎಚ್‌ಪಿ ವಾಪಸ್ ಬರುತ್ತದೆ. ಎಚ್‌ಪಿ ಪೂರ್ತಿ ತುಂಬಿದರೆ ಮಲ್ಟಿಸ್ಕೇಲ್ ಮತ್ತೆ ಬರುತ್ತದೆ. ಅಂದರೆ ಒಂದೇ ಪಂದ್ಯದಲ್ಲಿ ಎರಡನೇ ಸಲ ಸೆಟಪ್ ಮಾಡುವ ಅವಕಾಶ. ಹೀಗೆ ರೂಸ್ಟ್ ಉಳಿಯಿತು. ಗೋಲ್ಡೆಂಗೊ ಉತ್ತರವಿಲ್ಲದೆ ಉಳಿಯಿತು.

ವ್ಯಾಲಿಯಂಟ್ ಎದುರು ಸೋತ ಆ ಪಂದ್ಯ ಬಂದದ್ದು ಈ ಹೊತ್ತಿಗೆ. ಆ ರಾತ್ರಿ ಹಾಕಿದ ಲೆಕ್ಕ ಇದು. ಲೆವೆಲ್ 50ರಲ್ಲಿ ಏಟಿನ ಸೂತ್ರ ಸರಳ: 22ನ್ನು ಮೂವ್‌ನ ಬಲದಿಂದ ಗುಣಿಸಿ, ಅಟ್ಯಾಕ್‌ನಿಂದ ಗುಣಿಸಿ, ಎದುರಿನವರ ಡಿಫೆನ್ಸ್‌ನಿಂದ ಭಾಗಿಸಿ, 50ರಿಂದ ಭಾಗಿಸಿ, 2 ಕೂಡಿಸಬೇಕು. ಇದು 85ರಿಂದ 100 ಶೇಕಡಾವರೆಗೆ 16 ಬಗೆಯಲ್ಲಿ ಬೀಳಬಹುದು. ಆಮೇಲೆ ಟೈಪ್‌ನ ಲೆಕ್ಕ. ಡ್ಯಾನ್ಸ್ ಆದ ನನ್ನ ಅಟ್ಯಾಕ್ 279. ಡಿಫೆನ್ಸ್‌ಗೆ ಇವಿ ಹಾಕದ ವ್ಯಾಲಿಯಂಟ್‌ನ ಡಿಫೆನ್ಸ್ 110, ಎಚ್‌ಪಿ 149. ಟೆರಾ ಸೇರಿಸಿದರೆ ಎಕ್ಸ್‌ಟ್ರೀಮ್ ಸ್ಪೀಡ್ 115ರಿಂದ 136 ತಾಗುತ್ತದೆ.

ಹೆಚ್ಚೆಂದರೂ 136. 149 ಬೀಳುವ ಮಾತೇ ಇಲ್ಲ.

ಮೊದಲು ಅನ್ನಿಸಿದ್ದು ಜಾಲಿ ಮಾಡಿ ತಪ್ಪು ಮಾಡಿದೆ ಅಂತ. ಅಡಮೆಂಟ್ ಇದ್ದಿದ್ದರೆ? ಲೆಕ್ಕ ಹಾಕಿದೆ. ಹೆಚ್ಚೆಂದರೆ 148. ಒಂದೇ ಒಂದು ಎಚ್‌ಪಿ ಉಳಿಯುತ್ತದೆ! ಆ 148 ನೋಡಿ ಪೆನ್ನು ಕೆಳಗಿಟ್ಟೆ. ನೇಚರ್ ಬದಲಿಸಿ, ಇವಿ ಬದಲಿಸಿ, ಡ್ರಾಗೊನೈಟ್ ಒಂದರಿಂದಲೇ ಈ ಬಾಗಿಲು ತೆರೆಯುವುದಿಲ್ಲ ಅಂತ ಗೊತ್ತಾಯಿತು.

ಆಮೇಲೆ ಪ್ರಶ್ನೆಯನ್ನೇ ತಿರುಗಿಸಿದೆ. 149ರಲ್ಲಿ 115 ಕಳೆದರೆ 34. ಡ್ರಾಗೊನೈಟ್ ಬರುವ ಮೊದಲೇ ವ್ಯಾಲಿಯಂಟ್‌ಗೆ ಯಾರಾದರೂ 34 ಎಚ್‌ಪಿಯಷ್ಟು ಏಟು ಕೊಟ್ಟಿದ್ದರೆ, ಅತಿ ಕಡಿಮೆ ಬಿದ್ದರೂ ಅದು ಸಾಯುತ್ತದೆ. 34 ಅಂದರೆ ಕಾಲು ಭಾಗಕ್ಕಿಂತಲೂ ಕಡಿಮೆ. ಇದು ಸ್ವೀಪರ್‌ನ ಕೆಲಸವೇ ಅಲ್ಲ, ಜೊತೆಗಾರರ ಕೆಲಸ. ನಾನು ಅಲ್ಲಿಯವರೆಗೆ ಜೊತೆಗಾರರನ್ನು 'ಒಳ್ಳೆಯ ಪೋಕೆಮಾನ್' ಅಂತ ಆರಿಸುತ್ತಿದ್ದೆ. ಡ್ರಾಗೊನೈಟ್‌ನ ಲೆಕ್ಕದಲ್ಲಿ ಎಲ್ಲಿ ಎಷ್ಟು ಕಡಿಮೆ ಬೀಳುತ್ತದೆ ಅಂತ ನೋಡಿ ಆರಿಸಿರಲಿಲ್ಲ.

ಹೊಸ ಹಾಳೆಯಲ್ಲಿ ಡ್ರಾಗೊನೈಟ್ ಮಾಡಲಾಗದ ಕೆಲಸಗಳನ್ನು ಬರೆದೆ. ಬಲೂನ್ ಹಿಡಿದ ಗೋಲ್ಡೆಂಗೊ. ಡೊಂಡೋಜೊ. ಅದರ ಅನ್‌ಅವೇರ್ ಎಬಿಲಿಟಿ ನನ್ನ ಡ್ಯಾನ್ಸ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬೇಸ್ ಎಚ್‌ಪಿ 150 ಬೇರೆ. ವ್ಯಾಲಿಯಂಟ್‌ನ 34. ಮತ್ತೆ ಡಿಟ್ಟೊ, ನನ್ನ ಏರಿದ ಬಲವನ್ನೇ ನಕಲು ಮಾಡಿಕೊಂಡು ಎದುರು ನಿಲ್ಲುತ್ತದೆ. ಡಿಟ್ಟೊಗೆ ಮಾತ್ರ ನಾನು ಉತ್ತರ ಹುಡುಕಲಿಲ್ಲ. ಎದುರಿನ ಆರರಲ್ಲಿ ಅದು ಕಂಡರೆ ಡ್ರಾಗೊನೈಟ್‌ನನ್ನು ಹೊರಗೇ ಕೂರಿಸುತ್ತೇನೆ. ಆರರಲ್ಲಿ ಮೂರು ಆರಿಸುವ ಆಟದಲ್ಲಿ ಅದೂ ಒಂದು ಒಳ್ಳೆಯ ಉತ್ತರವೇ.

ಉಳಿದ ಮೂರಕ್ಕೆ ಮಿಯೌಸ್ಕರಾಡಾ ಒಂದೇ ಸಾಕಾಯಿತು. ಫ್ಲವರ್ ಟ್ರಿಕ್ ತಪ್ಪುವುದೇ ಇಲ್ಲ, ಯಾವಾಗಲೂ ಕ್ರಿಟಿಕಲ್ ಆಗಿಯೇ ಬೀಳುತ್ತದೆ. ನೀರಿನ ಡೊಂಡೋಜೊಗೆ ಎರಡು ಪಟ್ಟು. ನಾಕ್ ಆಫ್ ಗೋಲ್ಡೆಂಗೊಗೆ ಎರಡು ಪಟ್ಟು, ಬಲೂನ್ ಕೂಡ ಹೋಗುತ್ತದೆ. ಸ್ಪೀಡ್ 192, ಮಾಮೂಲಿ ವ್ಯಾಲಿಯಂಟ್‌ನ 184ಕ್ಕಿಂತ ಮೊದಲು ಹೊಡೆಯುತ್ತದೆ, ಫ್ಲವರ್ ಟ್ರಿಕ್ 88ರಿಂದ 105 ತಾಗುತ್ತದೆ. ನನಗೆ ಬೇಕಿದ್ದದ್ದು ಬರೀ 34. ಮಿಯೌಸ್ಕರಾಡಾ ಬಿದ್ದರೂ ಪರವಾಗಿಲ್ಲ, ಅದು ಬಿದ್ದ ಜಾಗಕ್ಕೆ ಡ್ರಾಗೊನೈಟ್ ಏಟಿಲ್ಲದೆ ಬರುತ್ತದೆ.

ಮೂರನೆಯವನು ಗ್ರಿಮ್‌ಸ್ನಾರ್ಲ್. ಪ್ರ್ಯಾಂಕ್‌ಸ್ಟರ್ ಎಬಿಲಿಟಿಯಿಂದ ರಿಫ್ಲೆಕ್ಟ್ ಮತ್ತು ಲೈಟ್ ಸ್ಕ್ರೀನ್ ಎರಡನ್ನೂ ಮೊದಲೇ ಹಾಕುತ್ತದೆ. ಲೈಟ್ ಕ್ಲೇ ಹಿಡಿದರೆ ಅವು 5 ಟರ್ನ್ ಬದಲು 8 ಟರ್ನ್ ನಿಲ್ಲುತ್ತವೆ. ಏಟು ಅರ್ಧ. ಮಲ್ಟಿಸ್ಕೇಲ್ ಇದ್ದರೆ ಅರ್ಧದಲ್ಲಿ ಅರ್ಧ.

ಈ ಮೂವರ ಜೊತೆ ಆಡಿದ ಒಂದು ಪಂದ್ಯ ಹೇಳುತ್ತೇನೆ. ಎದುರಿನವರು ಗಾರ್‌ಚಾಂಪ್ ಬಿಟ್ಟು ಮೊದಲ ಟರ್ನ್‌ನಲ್ಲೇ ಸ್ಟೆಲ್ತ್ ರಾಕ್ ಹಾಕಿದರು. ನಾನು ರಿಫ್ಲೆಕ್ಟ್ ಹಾಕಿದೆ. ಎರಡನೇ ಟರ್ನ್ ಲೈಟ್ ಸ್ಕ್ರೀನ್. ಮೂರನೇ ಟರ್ನ್ ಅರ್ತ್‌ಕ್ವೇಕ್ ತಿಂದುಕೊಂಡೇ ಸ್ಪಿರಿಟ್ ಬ್ರೇಕ್ ಹೊಡೆದೆ, ಗಾರ್‌ಚಾಂಪ್ ಅರ್ಧಕ್ಕಿಂತ ಕೆಳಗೆ ಬಂತು. ನಾಲ್ಕನೆಯದಕ್ಕೆ, ಎದುರಿನವರ ಬಲ ತಗ್ಗಿಸಿ ತಾನು ಹೊರಬರುವ ಪಾರ್ಟಿಂಗ್ ಶಾಟ್ ಹಾಕಿ ಮಿಯೌಸ್ಕರಾಡಾ ತಂದೆ. ಇಲ್ಲಿ ಎದುರಿನವರು ಗಾರ್‌ಚಾಂಪ್ ಹಿಂದೆ ತೆಗೆದು ಗೋಲ್ಡೆಂಗೊ ಕಳಿಸಿದರು. ಫ್ಲವರ್ ಟ್ರಿಕ್ ಅಥವಾ ಯು-ಟರ್ನ್ ಬರುತ್ತದೆ ಅಂದುಕೊಂಡಿರಬೇಕು, ಎರಡೂ ಗೋಲ್ಡೆಂಗೊಗೆ ಹೆಚ್ಚು ತಾಗುವುದಿಲ್ಲ. ನಾನು ಒತ್ತಿದ್ದು ನಾಕ್ ಆಫ್. ಬಲೂನ್ ಹಿಡಿದ ಗೋಲ್ಡೆಂಗೊ ಒಂದೇ ಏಟಿಗೆ ಬಿತ್ತು. ಕುರ್ಚಿಯಿಂದ ಎದ್ದೇಬಿಟ್ಟೆ.

ಮುಂದೆ ಬಂದದ್ದು ಅದೇ ಐರನ್ ವ್ಯಾಲಿಯಂಟ್. ಕೈಯಲ್ಲಿ ಬೂಸ್ಟರ್ ಎನರ್ಜಿ, ಸ್ಪೀಡ್ ಒಂದೂವರೆ ಪಟ್ಟು. ಮಿಯೌಸ್ಕರಾಡಾಗೆ ಹೊಡೆಯಲು ಅವಕಾಶವೇ ಸಿಗಲಿಲ್ಲ, ಮೂನ್‌ಬ್ಲಾಸ್ಟ್‌ಗೆ ಬಿತ್ತು. ನನ್ನ 34 ಎಚ್‌ಪಿಯ ಏಟು ಆಗಲೇ ಇಲ್ಲ. ವ್ಯಾಲಿಯಂಟ್ ಪೂರ್ತಿ 149ರಲ್ಲಿ ನಿಂತಿತ್ತು.

ಡ್ರಾಗೊನೈಟ್ ಇಳಿಸಿದೆ. ಬೂಟ್ಸ್ ಇದ್ದದ್ದರಿಂದ ಕಲ್ಲು ಚುಚ್ಚಲಿಲ್ಲ, ಮಲ್ಟಿಸ್ಕೇಲ್ ಹಾಗೇ ಇತ್ತು. ಆ ರಾತ್ರಿಯ ಹಾಳೆಯಲ್ಲೇ ಇನ್ನೊಂದು ಸಾಲೂ ಬರೆದಿದ್ದೆ: ಎರಡು ಡ್ಯಾನ್ಸ್ ಆದರೆ ಅಟ್ಯಾಕ್ 372, ಟೆರಾ ಎಕ್ಸ್‌ಟ್ರೀಮ್ ಸ್ಪೀಡ್ ಕಡಿಮೆಯೆಂದರೂ 153. 149ಕ್ಕೆ ಸಾಕು. ಲೈಟ್ ಸ್ಕ್ರೀನ್ ಎಷ್ಟು ಟರ್ನ್ ಉಳಿದಿದೆ ಅಂತ ಎಣಿಸಿದೆ. ಏಳನೇ ಟರ್ನ್, ಎಂಟು, ಒಂಬತ್ತು. ಮೂರು. ಸರಿಯಾಗಿ ಮೂರು.

ಮೊದಲ ಮೂನ್‌ಬ್ಲಾಸ್ಟ್ ಅರ್ಧದ ಅರ್ಧ ಆಗಿ ಕಾಲು ಭಾಗದಷ್ಟು ತಾಗಿತು. ಡ್ಯಾನ್ಸ್ ಮಾಡಿದೆ. ಎರಡನೆಯದು ಮಲ್ಟಿಸ್ಕೇಲ್ ಇಲ್ಲದೆ ಬಂತು, ಆದರೂ ಲೈಟ್ ಸ್ಕ್ರೀನ್ ಇತ್ತು. ಗೆರೆ ಹಳದಿಗೆ ಇಳಿಯಿತು. ಮತ್ತೆ ಡ್ಯಾನ್ಸ್. ಈಗ ಟೆರಾ ಒತ್ತಿದೆ. ವ್ಯಾಲಿಯಂಟ್‌ನ ಸ್ಪೀಡ್ ಎಷ್ಟೇ ಇರಲಿ, ಎಕ್ಸ್‌ಟ್ರೀಮ್ ಸ್ಪೀಡ್ ಮೊದಲು ಹೋಗುತ್ತದೆ. ಗೆರೆ ಇಳಿಯಿತು. ಹಳದಿ, ಕೆಂಪು. ಈ ಸಲ ನಿಲ್ಲಲಿಲ್ಲ.

ಕೊನೆಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ ಎಚ್‌ಪಿಯ ಗಾರ್‌ಚಾಂಪ್. ಗ್ರಿಮ್‌ಸ್ನಾರ್ಲ್ ಮೂರನೇ ಟರ್ನ್‌ನಲ್ಲಿ ಕೊಟ್ಟ ಏಟು ಅಲ್ಲಿ ಕೆಲಸಕ್ಕೆ ಬಂತು. ಇಲ್ಲದಿದ್ದರೆ ಎರಡು ಡ್ಯಾನ್ಸ್ ಆದ ಎಕ್ಸ್‌ಟ್ರೀಮ್ ಸ್ಪೀಡ್‌ಗೂ ಪೂರ್ತಿ ಎಚ್‌ಪಿಯ ಗಾರ್‌ಚಾಂಪ್ ಒಂದೇ ಏಟಿಗೆ ಬೀಳುವುದಿಲ್ಲ. ಹೊಡೆದೆ, ಬಿತ್ತು. ಅದರ ರಫ್ ಸ್ಕಿನ್ ನನ್ನ ಎಚ್‌ಪಿಯ ಎಂಟನೇ ಒಂದು ಭಾಗ ತೆಗೆದುಕೊಂಡಿತು. ಡ್ರಾಗೊನೈಟ್ ಇನ್ನೂ ನಿಂತಿತ್ತು.

ಗೆಳೆಯನಿಗೆ ರೀಪ್ಲೇ ತೋರಿಸಿದೆ. ಅವನು ಕೊನೆಯ ಮೂರು ಟರ್ನ್ ನೋಡಿ 'ಡ್ರಾಗೊನೈಟ್ ಸೂಪರ್ ಕಣೋ' ಅಂದ. ನಾನು ಅವನಿಗೆ ಮೂರನೇ ಟರ್ನ್‌ನ ಸ್ಪಿರಿಟ್ ಬ್ರೇಕ್ ಅನ್ನು ಎರಡು ಸಲ ತೋರಿಸಿದೆ.

ಮರುದಿನ ಎದುರಿನವರ ಬಳಿಯೂ ಒಂದು ಡ್ರಾಗೊನೈಟ್ ಬಂತು. ಅದೂ ಜಾಲಿ. ಇಬ್ಬರೂ ಒಟ್ಟಿಗೆ ಡ್ಯಾನ್ಸ್ ಒತ್ತಿದೆವು. ಅದರದ್ದು ಮೊದಲು ಆಯಿತು. 145ಕ್ಕೆ 143. ಆ ಪಂದ್ಯ ಸೋತೆ. ಎರಡು ಎಚ್‌ಪಿಗಾಗಿ ಬಿಟ್ಟುಕೊಟ್ಟ ಎರಡು ಸ್ಪೀಡ್ ಅದು.

252ಕ್ಕೆ ವಾಪಸ್ ಹೋಗಬೇಕೆಂದರೆ ಪೊಮೆಗ್ ಬೆರ್ರಿ ತಿನ್ನಿಸಿ ಎಚ್‌ಪಿ ಇವಿ ಇಳಿಸಬೇಕು, ಆಮೇಲೆ 16 ಸ್ವಿಫ್ಟ್ ಫೆದರ್ ಬೇಕು. ಎರಡನ್ನೂ ಕೂಡಿಸಿ ಇಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ. ಎದುರು ಡ್ರಾಗೊನೈಟ್ ಎಷ್ಟು ಸಲ ಬರುತ್ತದೆ, ಫ್ಲಟರ್ ಮೇನ್ ಎಷ್ಟು ಸಲ ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ ಗೆರೆ ಎಳೆಯುತ್ತಿದ್ದೇನೆ. ಸದ್ಯ ಫ್ಲಟರ್ ಮೇನ್ ಮುಂದಿದೆ.